ಸ್ವರಾಕ್ಷರವಿಲ್ಲದ ಆಂಗ್ಲ ಪದಗಳು: ಉಪಾಧ್ಯಾಯ ಬಂಧುಗಳಲ್ಲೊಂದು ಬಿನ್ನಹ

ಆಂಗ್ಲ ಅಕ್ಷರಮಾಲೆಯನ್ನು ಕಲಿಸುವ ಮೊದಲ ದಿನಗಳಲ್ಲಿಯೇ ನಮ್ಮ ಶಾಲೆಗಳಲ್ಲಿ ಮಕ್ಕಳಿಂದ ಒಂದು ಸೂತ್ರವನ್ನು ಬಾಯಿಪಾಠ ಮಾಡಿಸುವುದುಂಟು. ಇಪ್ಪತ್ತಾರು ಅಕ್ಷರಗಳಲ್ಲಿ ‘ಎ, ಇ, ಐ, ಓ, ಯು’ ಎಂಬ ಐದು ಸ್ವರಗಳು. ಉಳಿದ ಇಪ್ಪತ್ತೊಂದು ವ್ಯಂಜನಗಳು. ಈ ಐದರಲ್ಲಿ ಒಂದಾದರೂ ಇಲ್ಲದೆ ಯಾವ ಪದವೂ ಆಗದು. ಇಷ್ಟು ಆ ಸೂತ್ರ. ಅದೇ ವರ್ಷ, ಅನೇಕ ವೇಳೆ ಅದೇ ತಿಂಗಳಿನಲ್ಲಿ, ಆ ಮಕ್ಕಳ ಕೈಯಲ್ಲಿರುವ ವಾಚನ ಪುಸ್ತಕದಲ್ಲಿ ನನ್ನ ಎಂಬರ್ಥದ ‘ಮೈ’, ಹಾರು ಎಂಬರ್ಥದ ‘ಫ್ಲೈ’, ಆಕಾಶವೆಂಬರ್ಥದ ‘ಸ್ಕೈ’, ಒಣಗಿದ ಎಂಬರ್ಥದ ‘ಡ್ರೈ’, ಏಕೆ ಎಂಬರ್ಥದ ‘ವೈ’ ಮೊದಲಾದ ಪದಗಳು ಸಾಲುಗಟ್ಟಿ ಬರುತ್ತವೆ. ಇವುಗಳ ಬರಹದಲ್ಲಿ ಆ ಐದು ಅಕ್ಷರಗಳ ಪೈಕಿ ಒಂದೂ ಇಲ್ಲ. ಮಗುವಿನ ಕಣ್ಣು ಇದನ್ನು ಕಾಣದೆ ಇರುವುದಿಲ್ಲ. ಧೈರ್ಯವಿದ್ದ ಮಗು ಎದ್ದು ನಿಂತು ಕೇಳುತ್ತದೆ. ಇಲ್ಲದ ಮಗು ಸುಮ್ಮನಾಗುತ್ತದೆ. ಕೇಳಿದ ಮಗುವಿಗೆ ದೊರೆಯುವ ಉತ್ತರವಾದರೂ ಏನು? ‘ಅದು ಹಾಗೆಯೇ, ಉರು ಹೊಡೆ’ ಎಂಬುದೇ ಬಹುಪಾಲು ತರಗತಿಗಳ ಉತ್ತರ.

ಪರಮಪೂಜ್ಯರ ಆಶ್ರಯದಲ್ಲಿ ನಡೆದು ಬಂದಿರುವ ನಮ್ಮ ವಿದ್ಯಾಸಂಸ್ಥೆಯ ಈ ಸಂಚಿಕೆಯಲ್ಲಿ ಇಷ್ಟು ಸಣ್ಣದೆಂದು ತೋರುವ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವಿದೆ. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳು ಆಂಗ್ಲ ಭಾಷೆಯಲ್ಲಿ ಹಿಂದುಳಿಯುತ್ತಾರೆಂಬ ದೂರನ್ನು ಪಾಲಕರಿಂದಲೂ, ದಾನಿಗಳಿಂದಲೂ, ಹೊರ ಊರುಗಳಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳಿಂದಲೂ ಪ್ರತಿ ವಾರ್ಷಿಕೋತ್ಸವದಲ್ಲಿ ಕೇಳುತ್ತೇವೆ. ಆ ದೂರಿಗೆ ಪರಿಹಾರವೆಂದು ಮಾಧ್ಯಮವನ್ನೇ ಬದಲಿಸುವ ಮಾತೂ ಹೊರಡುತ್ತದೆ. 2007ರಿಂದ ನಮ್ಮ ರಾಜ್ಯದಲ್ಲಿ ಒಂದನೆಯ ತರಗತಿಯಿಂದಲೇ ಆಂಗ್ಲ ಭಾಷೆ ಬಂದಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳನ್ನು ತೆರೆಯುವ ಯೋಜನೆಯೂ ಜಾರಿಗೆ ಬಂದಿತು. ದೂರು ಮಾತ್ರ ಹಾಗೆಯೇ ಉಳಿದಿದೆ. ನನ್ನ ಅಭಿಪ್ರಾಯದಲ್ಲಿ ದೋಷವಿರುವುದು ಮಾಧ್ಯಮದಲ್ಲಲ್ಲ, ಮೊದಲ ವಾರದ ಆ ಸೂತ್ರದಲ್ಲಿ. ಅದು ಅರ್ಧ ಸತ್ಯ. ಆಂಗ್ಲರ ಮಕ್ಕಳಿಗೇ ಈ ಪಾಠವನ್ನು ಹೇಳುವಾಗ ‘ಎ, ಇ, ಐ, ಓ, ಯು, ಕೆಲವೊಮ್ಮೆ ವೈ’ ಎಂದು ಕೊನೆಯಲ್ಲಿ ಒಂದು ಬಾಲವನ್ನು ಸೇರಿಸುವ ವಾಡಿಕೆಯಿದೆ. ಸಮುದ್ರ ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಆ ಬಾಲ ಎಲ್ಲಿಯೋ ಕಳಚಿ ಬಿದ್ದಿದೆ.

ಸ್ವರವೆಂಬುದು ಧ್ವನಿಯೋ ಬರಹದ ಗುರುತೋ ಎಂಬ ಪ್ರಶ್ನೆಯಿಂದಲೇ ವಿಚಾರವನ್ನು ಆರಂಭಿಸಬೇಕು. ಕನ್ನಡದಲ್ಲಿ ಈ ಎರಡೂ ಹೆಚ್ಚುಕಡಿಮೆ ಒಂದಕ್ಕೊಂದು ಹೊಂದಿಕೊಂಡು ಹೋಗುವುದರಿಂದ ಭೇದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಮ್ಮ ‘ಕ’ ಎಂಬ ಅಕ್ಷರದ ತಲಕಟ್ಟಿನಲ್ಲಿಯೇ ಅಕಾರ ಅಡಗಿದೆ. ಇಳಿ, ಗುಡಿಸು, ಕೊಂಬು, ಏತ್ವ, ಓತ್ವಗಳನ್ನು ಹಚ್ಚುತ್ತ ಹೋದರೆ ಕಾಗುಣಿತವಾಗುತ್ತದೆ. ಸ್ವರವನ್ನು ಕಿತ್ತು ಬರೆಯಬೇಕಾದರೆ ‘ಕ್’ ಎಂದು ಅದಕ್ಕೆಂದೇ ಒಂದು ಚಿಹ್ನೆಯನ್ನು ಹಾಕಬೇಕು. ಅಂದರೆ ನಮ್ಮ ಲಿಪಿಯಲ್ಲಿ ಸ್ವರವಿರುವುದು ಸಹಜ ಸ್ಥಿತಿ. ಅದು ಇಲ್ಲದಿರುವುದನ್ನೇ ಗುರುತು ಮಾಡಿ ತೋರಿಸಬೇಕಾಗುತ್ತದೆ. ಇದು ಇಂದು ನಿನ್ನೆಯ ಏರ್ಪಾಡಲ್ಲ. ನಮ್ಮ ಸಿರುಗುಪ್ಪ ಸೀಮೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದ ಅಶೋಕನ ಬಂಡೆ ಶಾಸನಗಳು ಕ್ರಿಸ್ತಪೂರ್ವ 3ನೆಯ ಶತಮಾನದವು. ಅಶೋಕನ ಹೆಸರೇ ಸ್ಪಷ್ಟವಾಗಿ ಬರುವ ಕೆಲವೇ ಶಾಸನಗಳಲ್ಲಿ ಅವೂ ಸೇರಿವೆ. ಆ ಬ್ರಾಹ್ಮೀ ಲಿಪಿಯಲ್ಲಿಯೂ ಇದೇ ಕ್ರಮ: ವ್ಯಂಜನದೊಳಗೆ ಅಕಾರ, ಉಳಿದ ಸ್ವರಗಳಿಗೆ ಮೇಲೆ ಕೆಳಗೆ ಸಣ್ಣ ಗೀಟು. ನಮ್ಮ ಮಕ್ಕಳನ್ನು ಹಂಪೆಗೆ ಪ್ರವಾಸ ಕರೆದೊಯ್ಯುವ ನಾವು ನಿಟ್ಟೂರಿನ ಬಂಡೆಯ ಬಳಿಗೆ ಏಕೆ ಕರೆದೊಯ್ಯುವುದಿಲ್ಲವೋ ತಿಳಿಯದು. ಇರಲಿ.

ಆಂಗ್ಲ ಭಾಷೆಯ ಸ್ಥಿತಿ ಬೇರೆ. ಅದರ ಶಿಷ್ಟ ಉಚ್ಚಾರಣೆಯಲ್ಲಿ ಸುಮಾರು 20 ಸ್ವರಧ್ವನಿಗಳನ್ನು ಧ್ವನಿಶಾಸ್ತ್ರಜ್ಞರು ಎಣಿಸುತ್ತಾರೆ, ವ್ಯಂಜನಧ್ವನಿಗಳು 24. ಈ 44 ಧ್ವನಿಗಳನ್ನು 26 ಅಕ್ಷರಗಳಲ್ಲಿ ತುಂಬಬೇಕು. ಇಪ್ಪತ್ತು ಜನರ ಕುಟುಂಬಕ್ಕೆ ಐದು ಅಂಗಿಗಳನ್ನು ಹೊಲಿಸಿದಂತೆ. ಒಬ್ಬರ ಅಂಗಿಯನ್ನು ಮತ್ತೊಬ್ಬರು ತೊಡುವುದು ಅನಿವಾರ್ಯ. ಅದೂ ಸಾಲದಾದಾಗ ನೆರೆಮನೆಯ ‘ವೈ’ಯನ್ನೂ ‘ಡಬ್ಲ್ಯು’ವನ್ನೂ ಬೇಡಿ ತರಬೇಕಾಗುತ್ತದೆ. ಹೀಗಿರುವಾಗ ಐದು ಅಕ್ಷರಗಳನ್ನೇ ಸ್ವರಗಳೆಂದು ಕಲಿತ ಮಗು ಅಂಗಿಯನ್ನೇ ಮನುಷ್ಯನೆಂದು ತಿಳಿದುಕೊಂಡಂತಾಗುತ್ತದೆ.

ಈ ತಪ್ಪು ತಿಳಿವಳಿಕೆ ಒಂದೆರಡು ಪದಗಳಿಗೆ ಸೀಮಿತವಾಗಿದ್ದರೆ ನಾನು ಲೇಖನಿಯನ್ನೇ ಹಿಡಿಯುತ್ತಿರಲಿಲ್ಲ. ಅದರ ಪೆಟ್ಟು ಹತ್ತನೆಯ ತರಗತಿಯವರೆಗೂ, ಅದರಾಚೆಗೂ ಹೋಗುತ್ತದೆ. ‘ಒಂದು’ ಎಂಬರ್ಥದ ‘ಎ’ ಮತ್ತು ‘ಆನ್’ ಎಂಬ ಎರಡು ರೂಪಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು ಎಂಬ ಪ್ರಶ್ನೆ ಪ್ರತಿಯೊಂದು ಪರೀಕ್ಷೆಯಲ್ಲಿಯೂ ಇಣುಕುತ್ತದೆ. ಸ್ವರಾಕ್ಷರದ ಮುಂದೆ ‘ಆನ್’ ಎಂದು ಕಲಿತ ಹುಡುಗ ವಿಶ್ವವಿದ್ಯಾಲಯವೆಂಬರ್ಥದ ‘ಯುನಿವರ್ಸಿಟಿ’ಯ ಮುಂದೆ ‘ಆನ್’ ಬರೆದು ಅಂಕ ಕಳೆದುಕೊಳ್ಳುತ್ತಾನೆ. ಅಲ್ಲಿರುವ ‘ಯು’ ಅಕ್ಷರದ ಧ್ವನಿ ನಮ್ಮ ಯಕಾರದಿಂದ ಆರಂಭವಾಗುತ್ತದೆಂಬುದನ್ನು ಅವನಿಗೆ ಯಾರೂ ತೋರಿಸಿಲ್ಲ. ಗಂಟೆ ಎಂಬರ್ಥದ ‘ಅವರ್’ ಪದದ ಬರಹ ಹಕಾರದಿಂದ ಆರಂಭವಾದರೂ ಉಚ್ಚಾರ ಅಕಾರದಿಂದ. ಅಲ್ಲಿ ‘ಆನ್’ ಬರಬೇಕು. ಇನ್ನು ಕೆಲಸಕ್ಕೆ ಅರ್ಜಿ ಬರೆಯುವ ಹುಡುಗ ತಾನು ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಯೆಂದು ಹೇಳಿಕೊಳ್ಳಬೇಕಾದಾಗ ಏನು ಮಾಡಬೇಕು? ಆ ನಾಲ್ಕು ಅಕ್ಷರಗಳಲ್ಲಿ ಒಂದೂ ಸ್ವರಾಕ್ಷರವಲ್ಲ. ಆದರೆ ಬಾಯಿ ತೆರೆದೊಡನೆ ಬರುವುದು ‘ಎ’ಕಾರ. ಆದ್ದರಿಂದ ‘ಆನ್ ಎಸ್.ಎಸ್.ಎಲ್.ಸಿ.’ ಎಂದೇ ಸರಿ. ಕನ್ನಡದಲ್ಲಿ ಅದನ್ನು ಬರೆದು ನೋಡಿದರೆ ಉತ್ತರ ಹಾಳೆಯ ಮೇಲೆಯೇ ಇದೆ! ನಮ್ಮ ಲಿಪಿ ಉಚ್ಚಾರವನ್ನು ಬರೆಯುತ್ತದೆ. ಹುಡುಗ ತನ್ನ ಕನ್ನಡವನ್ನು ನೆಚ್ಚಿಕೊಂಡಿದ್ದರೆ ಎಡವುತ್ತಿರಲಿಲ್ಲ.

ಈ ಮಾತನ್ನು ನಾನು ಇನ್ನಷ್ಟು ವಿಸ್ತರಿಸಬಯಸುತ್ತೇನೆ, ಏಕೆಂದರೆ ನನ್ನ ವಾದದ ತಿರುಳೆಲ್ಲ ಇಲ್ಲಿದೆ. ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಯಣ್ ಸಂಧಿಯನ್ನು ಎಲ್ಲರೂ ಓದಿದ್ದೇವೆ. ಅತಿ ಮತ್ತು ಅಂತ ಸೇರಿ ಅತ್ಯಂತ. ಮನು ಮತ್ತು ಅಂತರ ಸೇರಿ ಮನ್ವಂತರ. ಪಿತೃ ಮತ್ತು ಆರ್ಜಿತ ಸೇರಿ ಪಿತ್ರಾರ್ಜಿತ. ಇಕಾರದ ಸ್ಥಾನದಲ್ಲಿ ಯಕಾರ, ಉಕಾರದ ಸ್ಥಾನದಲ್ಲಿ ವಕಾರ, ಋಕಾರದ ಸ್ಥಾನದಲ್ಲಿ ರೇಫ. ಕನ್ನಡದ್ದೇ ಆದ ಆಗಮ ಸಂಧಿಯಲ್ಲಿಯೂ ಅದೇ ನಂಟು: ಮನೆಯನ್ನು ಎನ್ನುವಾಗ ನಡುವೆ ಯಕಾರ ನುಸುಳುತ್ತದೆ, ಗುರುವನ್ನು ಎನ್ನುವಾಗ ವಕಾರ. ಯ, ರ, ಲ, ವಗಳನ್ನು ನಮ್ಮ ವೈಯಾಕರಣರು ಅಂತಃಸ್ಥಗಳೆಂದು ಕರೆದರು. ಸ್ವರಕ್ಕೂ ವ್ಯಂಜನಕ್ಕೂ ನಡುವೆ ಹೊಸ್ತಿಲಿನ ಮೇಲೆ ನಿಂತವು ಅವು. ಪಾಣಿನಿಯ ವ್ಯಾಕರಣಕ್ಕೆ ತಳಹದಿಯಾದ ವರ್ಣಸೂತ್ರಗಳಲ್ಲಿ ಎರಡನೆಯದು ಋ ಮತ್ತು ಌ ವರ್ಣಗಳನ್ನು ಸ್ವರಗಳೆಂದೇ ಎಣಿಸಿದೆ. ರೇಫವೂ ಲಕಾರವೂ ತಮ್ಮಷ್ಟಕ್ಕೆ ತಾವೇ ಸ್ವರದ ಕೆಲಸ ಮಾಡಬಲ್ಲವೆಂದು ಎರಡು ಸಾವಿರ ವರ್ಷಗಳಿಗೂ ಹಿಂದೆ ಕಂಡುಕೊಂಡವರ ಕಿವಿಯ ಸೂಕ್ಷ್ಮತೆಯನ್ನು ಏನೆಂದು ಹೇಳೋಣ! ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜನಾದರೋ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತದ ಪಟ್ಟಿಯನ್ನು ಹಾಗೆಯೇ ಎತ್ತಿಕೊಳ್ಳದೆ, ಕನ್ನಡದ ಬಾಯಿಗೆ ಯಾವ ವರ್ಣ ಸಲ್ಲುತ್ತದೆ, ಯಾವುದು ಸಲ್ಲದು ಎಂದು ವಿವೇಚಿಸಿದವನು.

ಇಷ್ಟೆಲ್ಲ ಬಲ್ಲ ಪರಂಪರೆಯ ಮಗು ಆಂಗ್ಲ ಭಾಷೆಯ ‘ವೈ’ ಅಕ್ಷರವನ್ನು ಕಂಡು ಬೆದರಬೇಕೆ? ಅದು ನಮ್ಮ ಯಕಾರವೇ. ಹೌದು ಎಂಬರ್ಥದ ‘ಯೆಸ್’ ಪದದ ಮೊದಲಿಗೆ ನಿಂತಾಗ ಅದು ವ್ಯಂಜನ. ‘ಫ್ಲೈ’ ಪದದ ಕೊನೆಯಲ್ಲಿ ನಿಂತಾಗ ಸ್ವರ. ‘ಫ್ಲೈ’ ಪದಕ್ಕೆ ಬಹುವಚನ ಹಚ್ಚಿದೊಡನೆ ‘ವೈ’ ಮಾಯವಾಗಿ ‘ಐ’ ಅಕ್ಷರ ಬರುತ್ತದೆ. ‘ಡ್ರೈ’ ಎಂಬುದು ‘ಡ್ರೈಡ್’ ಆಗುವಾಗಲೂ ಹಾಗೆಯೇ. ಸಾಯು ಎಂಬರ್ಥದ ‘ಡೈ’ ಪದಕ್ಕೆ ‘ಇಂಗ್’ ಹಚ್ಚುವಾಗ ಇದು ತಿರುವುಮುರುವಾಗಿ ‘ಐ’ ಹೋಗಿ ‘ವೈ’ ಬರುತ್ತದೆ. ಯಣ್ ಸಂಧಿಯಲ್ಲಿ ಬದಲಾಗುವುದು ಧ್ವನಿ, ಇಲ್ಲಿ ಬದಲಾಗುವುದು ಬರಹ. ಆ ಭೇದವನ್ನೂ ಮಕ್ಕಳಿಗೆ ಹೇಳಬೇಕು. ಆದರೆ ಎರಡರ ಹಿಂದೆಯೂ ಇರುವುದು ಇಕಾರ ಯಕಾರಗಳ ಅಣ್ಣತಮ್ಮತನ. ನಮ್ಮ ತರಗತಿಗಳಲ್ಲಿ ಇದನ್ನು ಏಳೆಂಟು ನಿಯಮಗಳಾಗಿ, ಪ್ರತಿಯೊಂದಕ್ಕೂ ನಾಲ್ಕಾರು ಅಪವಾದಗಳೊಡನೆ ಬರೆಯಿಸುತ್ತಾರೆ. ಹುಡುಗ ಎಂಬರ್ಥದ ‘ಬಾಯ್’ ಪದದ ‘ವೈ’ ಬಹುವಚನದಲ್ಲಿ ಬದಲಾಗದೇಕೆಂದರೆ, ಅಲ್ಲಿ ಹಿಂದಿನ ‘ಓ’ ಅಕ್ಷರವೂ ಈ ‘ವೈ’ಯೂ ಜೊತೆಗೂಡಿ ಒಂದೇ ಸಂಧ್ಯಕ್ಷರವಾಗಿವೆ, ನಮ್ಮ ಐ ಔಗಳ ಹಾಗೆ. ಜೋಡಿಯನ್ನು ಒಡೆಯುವುದಿಲ್ಲ. ಇಷ್ಟು ಹೇಳಿದರೆ ಅಪವಾದವೆಂಬುದೇ ಉಳಿಯದು.

‘ವೈ’ಗೆ ಈ ಕೆಲಸ ಹೇಗೆ ಬಂದಿತೆಂಬುದರ ಚರಿತ್ರೆಯೂ ಸ್ವಾರಸ್ಯವಾಗಿದೆ. ಗ್ರೀಕರಲ್ಲಿ ಇಕಾರ ಉಕಾರಗಳ ನಡುವಣ ಒಂದು ಸ್ವರವಿತ್ತು. ತುಟಿಗಳನ್ನು ಉಕಾರಕ್ಕೆಂಬಂತೆ ದುಂಡಗೆ ಮಾಡಿ ಇಕಾರವನ್ನು ಉಚ್ಚರಿಸಿದರೆ ಅದು ಬರುತ್ತದೆ. ಅದನ್ನು ಬರೆಯಲು ರೋಮನರು ಕ್ರಿಸ್ತಪೂರ್ವ ಮೊದಲ ಶತಮಾನದ ಸುಮಾರಿಗೆ ಗ್ರೀಕ್ ಅಕ್ಷರವನ್ನೇ ಕಡ ತಂದರು. ಫ್ರೆಂಚರು ಇಂದಿಗೂ ಆ ಅಕ್ಷರವನ್ನು ‘ಇ ಗ್ರೆಕ್’, ಅಂದರೆ ಗ್ರೀಕರ ಇ ಎಂದೇ ಕರೆಯುತ್ತಾರೆ. ಲಯವೆಂಬರ್ಥದ ‘ರಿದಮ್’, ಸ್ತೋತ್ರಗೀತೆಯಾದ ‘ಹಿಮ್’, ಪುರಾಣಕಥೆಯೆಂಬರ್ಥದ ‘ಮಿತ್’, ನೆಲಮಾಳಿಗೆಯ ‘ಕ್ರಿಪ್ಟ್’, ಕಾಡುಬೆಕ್ಕಿನ ಜಾತಿಯ ‘ಲಿಂಕ್ಸ್’, ಅಪ್ಸರೆಯಂಥ ‘ನಿಂಫ್’ ಇವೆಲ್ಲ ಗ್ರೀಕ್ ಮೂಲದವು. ಇವುಗಳ ‘ವೈ’ ಆ ಪ್ರಾಚೀನ ಸ್ವರದ ಗುರುತು. ಎಂದರೆ ಸ್ವರಾಕ್ಷರವಿಲ್ಲವೆಂದು ನಾವು ಹೇಳುವ ಪದಗಳಲ್ಲಿ ಇರುವುದು ಸ್ವರಾಕ್ಷರವೇ. ನಮ್ಮ ಐದರ ಪಟ್ಟಿಯಲ್ಲಿ ಅದರ ಹೆಸರಿಲ್ಲ, ಅಷ್ಟೆ. ‘ಫ್ಲೈ’, ‘ವೈ’, ‘ಮೈ’ಗಳ ದಾರಿ ಬೇರೆ. ಪದದ ಕೊನೆಯಲ್ಲಿ ಬರಿಯ ‘ಐ’ ಅಕ್ಷರವನ್ನು ನಿಲ್ಲಿಸುವುದು ಆಂಗ್ಲರ ಬರಹಕ್ಕೆ ಒಗ್ಗದು. ಹಿಂದಿನ ಲಿಪಿಕಾರರ ಕೈಬರಹದಲ್ಲಿ ‘ಐ’, ‘ಎನ್’, ‘ಎಮ್’, ‘ಯು’ ಎಲ್ಲವೂ ಒಂದೇ ತೆರನ ನೆಟ್ಟನೆಯ ಗೀಟುಗಳಾಗಿ ಕಾಣುತ್ತಿದ್ದುದರಿಂದ, ಕೊನೆಯಲ್ಲಿ ಬಾಲವುಳ್ಳ ‘ವೈ’ ಬರೆಯುವುದು ಕಣ್ಣಿಗೆ ಹಿತವಾಗಿತ್ತು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣವನ್ನು ಆರಂಭಿಸಿದ ಮೇಲೆ ಬರಹ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತ ಬಂದಿತು, ಉಚ್ಚಾರವಾದರೋ ಹರಿಯುತ್ತಲೇ ಹೋಯಿತು. ಒಂದು ಕಾಲಕ್ಕೆ ‘ಮೀ’ ಎಂದು ಉಚ್ಚರಿಸುತ್ತಿದ್ದುದೇ ಇಂದು ‘ಮೈ’ ಆಗಿದೆ.

ಇದು ನಮಗೆ ದೂರದ ಕಥೆಯಲ್ಲ. ನಮ್ಮ ಊರಿನ ಹೆಸರನ್ನೇ ನೋಡಿರಿ. 1800ರಲ್ಲಿ ನಿಜಾಮನಿಂದ ಈ ಸೀಮೆ ಕಂಪನಿಯ ಕೈಸೇರಿದ ಮೇಲೆ, ತಮ್ಮ ಕಾಗದಪತ್ರಗಳಲ್ಲಿ ಬಳ್ಳಾರಿಯ ಕೊನೆಯ ಇಕಾರವನ್ನು ಆಂಗ್ಲರು ‘ವೈ’ಯಿಂದ ಬರೆದರು. ತಿರುನೆಲ್ವೇಲಿ, ತಿರುಚಿರಾಪಳ್ಳಿ, ಪಾಂಡಿಚೇರಿಗಳಿಗೂ ಅವರು ತೊಡಿಸಿದ್ದು ಅದೇ ಬಾಲವನ್ನೇ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರುಗಳ ಆಂಗ್ಲ ಬರಹವನ್ನು ಸರ್ಕಾರ ತಿದ್ದಿದಾಗ ನಮ್ಮ ‘ವೈ’ ಹೋಗಿ ‘ಐ’ ಬಂದಿತು. ಮೈಸೂರಿನ ‘ವೈ’ ಮಾತ್ರ ಉಳಿದುಕೊಂಡಿತು! ಅಲ್ಲಿ ತಿದ್ದಿದ್ದು ಹೆಸರಿನ ಉತ್ತರಾರ್ಧವನ್ನು. ಮೊದಲಿನ ‘ಮೈ’ ಆಂಗ್ಲರ ‘ಮೈ’ ಪದದಂತೆಯೇ ಇಂದಿಗೂ ನಿಂತಿದೆ. ಅದೇ ದಿನ ಹೊಸಪೇಟೆ, ತುಮಕೂರು, ಚಿಕ್ಕಮಗಳೂರುಗಳಿಗೆ ಬೇರೊಂದು ನ್ಯಾಯ ದೊರೆಯಿತು. ಹೊಸಪೇಟೆಯನ್ನು ‘ಹಾಸ್ಪೆಟ್’ ಎಂಬಂತೆ ಬರೆದವರು ಸಕಾರದ ಮೇಲಿನ ಅಕಾರವನ್ನೂ ಕೊನೆಯ ಎಕಾರವನ್ನೂ ನುಂಗಿ ನೀರು ಕುಡಿದಿದ್ದರು. ಎರಡು ಶತಮಾನಗಳ ಮೇಲೆ ಆ ಸ್ವರಗಳು ಮರಳಿ ಬಂದವು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಆ ಊರು ನಮ್ಮಿಂದ ಬೇರೆಯಾಯಿತು, ಆ ಮಾತು ಹಾಗಿರಲಿ. ರೈಲ್ವೆಯವರ ಸಂಕೇತಾಕ್ಷರಗಳಲ್ಲಿ ಮಾತ್ರ ಹಳೆಯದೇ ನಡೆದಿದೆ: ಹೊಸಪೇಟೆಗೆ ಎಚ್.ಪಿ.ಟಿ., ಗುಂತಕಲ್ಲಿಗೆ ಜಿ.ಟಿ.ಎಲ್.; ಸ್ವರದ ಸೋಂಕೇ ಇಲ್ಲ. ಬಳ್ಳಾರಿಯ ಸಂಕೇತದಲ್ಲಿ ಹಳೆಯ ‘ವೈ’ ಇನ್ನೂ ಕುಳಿತಿದೆ. ಟಿಕೆಟನ್ನು ಬಿಡಿಸಿ ನೋಡಿದವರಿಗೆ ಕಂಡೀತು. ನಮ್ಮ ಸಾರಿಗೆ ಸಂಸ್ಥೆಯ ಸಂಕ್ಷಿಪ್ತ ನಾಮದಲ್ಲಿ ಈಶಾನ್ಯವೆಂಬುದರ ‘ಇ’ ಒಂದಿತ್ತು. 2021ರಲ್ಲಿ ಅದು ಕಲ್ಯಾಣ ಕರ್ನಾಟಕವೆಂದು ಹೆಸರು ಪಡೆದು ಕೆ.ಕೆ.ಆರ್.ಟಿ.ಸಿ. ಆದಾಗ ಆ ಒಂದು ಸ್ವರಾಕ್ಷರವೂ ಇಳಿದುಹೋಯಿತು.

ಇನ್ನು ಕೌಲ್ ಬಜಾರಿನ ಮಾತು. ದಂಡು ಪ್ರದೇಶದ ನೆರೆಯ ಈ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಕೌಲು ಎಂಬುದು ಅರಬ್ಬಿಯಿಂದ ಬಂದ ಪದ. ಕೊಟ್ಟ ಮಾತು, ಒಪ್ಪಂದ, ಗುತ್ತಿಗೆಯ ಕರಾರು ಎಂದು ಅರ್ಥ. ಕೌಲುಪತ್ರವೆಂಬ ಮಾತು ನಮ್ಮ ಹಳೆಯ ದಫ್ತರಗಳಲ್ಲಿ ಬಳಕೆಯಲ್ಲಿತ್ತು. ಈ ಒಂದು ಹೆಸರನ್ನು ಮೂರು ಲಿಪಿಗಳಲ್ಲಿ ಬರೆಯಿಸಿ ನೋಡಬೇಕು. ಕನ್ನಡದ ಹುಡುಗ ಕಕಾರಕ್ಕೆ ಔತ್ವ ಹಚ್ಚಿ ‘ಕೌ’ ಎಂದು ಬರೆಯುತ್ತಾನೆ. ಸ್ವರ ಕಣ್ಣಿಗೆ ಕಾಣುತ್ತದೆ. ಉರ್ದು ಶಾಲೆಯ ಹುಡುಗ ಕಾಫ್, ವಾವ್, ಲಾಮ್ ಎಂಬ ಮೂರು ಅಕ್ಷರಗಳನ್ನು ಬರೆಯುತ್ತಾನೆ. ನಡುವಣ ವಾವ್, ಅಂದರೆ ವಕಾರ, ಇಲ್ಲಿ ಸ್ವರದ ಕೆಲಸ ಮಾಡುತ್ತಿದೆ. ಆಂಗ್ಲದಲ್ಲಿ ಬರೆದ ಹುಡುಗನ ಬರಹದಲ್ಲಿ ‘ಓ’ದ ಪಕ್ಕದಲ್ಲಿ ‘ಡಬ್ಲ್ಯು’ ನಿಂತಿದೆ, ಅದೂ ವಕಾರವೇ, ಅದೂ ಸ್ವರದ ಕೆಲಸವನ್ನೇ ಮಾಡುತ್ತಿದೆ. ಉಕಾರ ವಕಾರಗಳ ನಂಟನ್ನು ತೋರಿಸಲು ಇದಕ್ಕಿಂತ ಉತ್ತಮ ಉದಾಹರಣೆಯನ್ನು ಯಾವ ಪಠ್ಯಪುಸ್ತಕದಲ್ಲಿ ಹುಡುಕೋಣ? ನಮ್ಮ ಪೇಟೆಯ ಪ್ರತಿಯೊಂದು ಅಂಗಡಿಯ ನಾಮಫಲಕದ ಮೇಲೆ ಅದು ಬರೆದಿದೆ.

ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ತೋರುವ ಜಬರ್, ಜೇರ್, ಪೇಶ್ ಎಂಬ ಚಿಹ್ನೆಗಳಿವೆ. ಮಕ್ಕಳ ಮೊದಲ ಪುಸ್ತಕ ದಾಟಿದ ಮೇಲೆ ಅವನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ವ್ಯಂಜನಗಳನ್ನು ನೋಡಿ ಸ್ವರಗಳನ್ನು ಓದುವವನೇ ತುಂಬಿಕೊಳ್ಳಬೇಕು. ಅಂಥ ಶಾಲೆಯಿಂದ ಬಂದ ಮಗುವಿಗೆ ಸ್ವರಾಕ್ಷರವಿಲ್ಲದ ಆಂಗ್ಲ ಪದ ಅಷ್ಟೇನೂ ವಿಚಿತ್ರವೆನಿಸಲಾರದು. ಪಕ್ಕದಲ್ಲಿ ಕುಳಿತ ಕನ್ನಡದ ಮಗುವಿಗೆ ಅದು ತನ್ನ ಲಿಪಿಯನ್ನು ಬಿಡಿಸಿ ತೋರಿಸಿದರೆ ಇಬ್ಬರಿಗೂ ಲಾಭ. ಒಂದೇ ಬೆಂಚಿನ ಮೇಲೆ ಇಷ್ಟು ಬಂಡವಾಳವಿದ್ದೂ ನಾವು ಅದನ್ನು ಮುಟ್ಟುತ್ತಿಲ್ಲವೆಂಬುದು ನನ್ನ ಕೊರಗು.

‘ಡಬ್ಲ್ಯು’ ತಾನೊಂದೇ ಸ್ವರವಾಗಿ ನಿಲ್ಲುವ ಪದಗಳೂ ಉಂಟು. ಅವು ವೇಲ್ಸ್ ಪ್ರಾಂತದ ಭಾಷೆಯಿಂದ ಬಂದವು. ಕಣಿವೆ ಎಂಬರ್ಥದ ‘ಕೂಮ್’ ಎಂಬ ಪದವನ್ನು ‘ಸಿ, ಡಬ್ಲ್ಯು, ಎಮ್’ ಎಂಬ ಮೂರೇ ಅಕ್ಷರಗಳಿಂದ ಬರೆಯುತ್ತಾರೆ. ಎವರೆಸ್ಟ್ ಶಿಖರದ ಮಗ್ಗುಲಲ್ಲಿರುವ ಹಿಮದ ಕಣಿವೆಗೆ 1921ರಲ್ಲಿ ಮ್ಯಾಲರಿ ಇಟ್ಟ ಹೆಸರಿನಲ್ಲಿ ಈ ಪದವಿದೆ. 1953ರ ಮೇ ತಿಂಗಳಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಶಿಖರಕ್ಕೆ ಏರಿದ್ದು ಆ ಕಣಿವೆಯ ಮೂಲಕವೇ. ಭೂಗೋಳದ ಪಾಠದಲ್ಲಿ ಇದನ್ನು ಒಮ್ಮೆ ಹೇಳಿದರೆ ಮಕ್ಕಳು ಮರೆಯಲಾರರು. ಬಾಯಿ ಮುಚ್ಚಿಸುವ ‘ಶ್’, ಹೂಂಗುಟ್ಟುವ ‘ಹ್ಮ್’ ಮೊದಲಾದ ಅನುಕರಣ ಶಬ್ದಗಳಲ್ಲಿ ಮಾತ್ರ ನಿಜವಾಗಿಯೂ ಯಾವ ಸ್ವರವೂ ಇಲ್ಲ. ಅಂಥವು ನಮ್ಮಲ್ಲಿಯೂ ಬೇಕಾದಷ್ಟಿವೆ. ತರಗತಿಯಲ್ಲಿ ಉಪಾಧ್ಯಾಯರು ದಿನಕ್ಕೆ ನೂರು ಬಾರಿ ಬಳಸುವ ಪದವೂ ಅವುಗಳಲ್ಲೊಂದು.

‘ರಿದಮ್’ ಪದದ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಉಕ್ತಲೇಖನದಲ್ಲಿ ಮಕ್ಕಳನ್ನು ಕೆಡವಲು ಇದನ್ನು ಬೇಕೆಂದೇ ಕೊಡುವ ಉಪಾಧ್ಯಾಯರಿದ್ದಾರೆ. ಆರು ಅಕ್ಷರಗಳು, ಅವುಗಳಲ್ಲಿ ಎರಡು ‘ಎಚ್’, ಒಂದೇ ‘ವೈ’. ಉಚ್ಚಾರದಲ್ಲಾದರೋ ಎರಡು ಭಾಗಗಳಿವೆ. ಮೊದಲನೆಯ ಭಾಗದ ಇಕಾರಕ್ಕೆ ‘ವೈ’ ಇದೆ. ಎರಡನೆಯ ಭಾಗದಲ್ಲಿ ಮಕಾರಕ್ಕೆ ಮುಂಚೆ ಸುಳಿದು ಮರೆಯಾಗುವ ಅಕಾರದಂಥ ಧ್ವನಿಗೆ ಯಾವ ಅಕ್ಷರವೂ ಇಲ್ಲ. ನಮ್ಮ ಮಕ್ಕಳು ಕಿವಿಯಿಂದ ಕೇಳಿದಂತೆ ಅಲ್ಲಿ ಒಂದು ‘ಎ’ಯನ್ನೋ ‘ಯು’ವನ್ನೋ ಸೇರಿಸುತ್ತಾರೆ. ಅವರ ಕಿವಿ ಸರಿಯಾಗಿದೆ, ಅಂಕ ಹೋಗುತ್ತದೆ. ತಪ್ಪಿಗೆ ಕೆಂಪು ಗೀಟನ್ನು ಎಳೆಯಲೇಬೇಕು, ಒಪ್ಪುತ್ತೇನೆ. ಆದರೆ ‘ನೀನು ಕೇಳಿದ್ದು ಸರಿ, ಅವರು ಬರೆಯುವುದು ಹೀಗೆ’ ಎಂಬ ಒಂದು ಮಾತನ್ನು ಆ ಗೀಟಿನ ಪಕ್ಕದಲ್ಲಿ ಹೇಳಬಾರದೇಕೆ? ಕಿವಿಯನ್ನು ನಂಬಬೇಡವೆಂದು ಕಲಿತ ಮಗು ಮುಂದೆ ಆಂಗ್ಲವನ್ನು ಬರೆದೀತು, ಮಾತನಾಡಲಾರದು. ಪದವಿ ಪಡೆದು ಸಂದರ್ಶನಕ್ಕೆ ಹೋಗಿ ಬಾಯಿ ಬಿಡದೆ ಬರುವ ನಮ್ಮ ಹುಡುಗರು ಇಂಥ ತರಗತಿಗಳಿಂದಲೇ ಬಂದವರು.

ಪರೀಕ್ಷೆ ಹತ್ತಿರ ಬಂದಾಗ ಇಷ್ಟೆಲ್ಲ ಕಾರಣಗಳನ್ನು ವಿವರಿಸಲು ಸಮಯವೆಲ್ಲಿದೆ ಎಂದು ಕೆಲವು ಮಿತ್ರರು ಕೇಳುತ್ತಾರೆ. ಪಾಠಗಳ ಹೊರೆ, ತರಗತಿಯ ಸಂಖ್ಯೆ, ಸರ್ಕಾರದ ಇತರ ಕೆಲಸಗಳು ಎಲ್ಲವನ್ನೂ ಬಲ್ಲೆ; ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಉರು ಹೊಡೆಯಿಸುವುದಕ್ಕೆ ತಗಲುವ ಸಮಯವನ್ನು ನಾವು ಲೆಕ್ಕ ಹಾಕುವುದಿಲ್ಲವಷ್ಟೆ. ‘ವೈ’ ಇರುವ ನಲವತ್ತು ಪದಗಳನ್ನು ಹತ್ತು ಹತ್ತು ಬಾರಿ ಬರೆಯಿಸುವ ಹೊತ್ತಿನಲ್ಲಿ ಯಣ್ ಸಂಧಿಯನ್ನು ಎರಡು ಸಲ ಹೇಳಬಹುದು. ಇನ್ನೊಂದು ಆಕ್ಷೇಪಣೆ ಇಂದಿನದು. ಹುಡುಗರು ಮೊಬೈಲಿನಲ್ಲಿ ಸ್ವರಾಕ್ಷರಗಳನ್ನೆಲ್ಲ ಕಿತ್ತು ಬರೆಯುತ್ತಾರೆ; ದಯವಿಟ್ಟು ಎಂಬರ್ಥದ ‘ಪ್ಲೀಸ್’ ಪದ ‘ಪಿ, ಎಲ್, ಎಸ್’ ಆಗಿ ರಜಾ ಅರ್ಜಿಯೊಳಕ್ಕೂ ಬಂದಿದೆ; ಇಂಥ ಕಾಲದಲ್ಲಿ ಸ್ವರಾಕ್ಷರವಿಲ್ಲದ ಪದಗಳನ್ನು ವಿವರಿಸಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗದೆ ಎಂಬುದು. ಒಂದು ಸಂದೇಶಕ್ಕೆ 160 ಅಕ್ಷರಗಳೆಂಬ ಮಿತಿಯಿದ್ದ ದಿನಗಳಲ್ಲಿ ಹುಟ್ಟಿದ ಚಟವದು. ಮಿತಿ ಹೋದರೂ ಚಟ ಹೋಗಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಟೈಪಿಂಗ್ ಕೇಂದ್ರಗಳಲ್ಲಿ ಶೀಘ್ರಲಿಪಿಯನ್ನು ಕಲಿತು ನೌಕರಿ ಹಿಡಿದವರು. 1837ರಲ್ಲಿ ಪಿಟ್‌ಮನ್ ರಚಿಸಿದ ಆ ಪದ್ಧತಿಯಲ್ಲಿಯೂ ವ್ಯಂಜನಗಳಿಗೆ ಗೀಟು, ಸ್ವರಗಳಿಗೆ ಚುಕ್ಕೆ. ವೇಗ ಬಂದ ಮೇಲೆ ಚುಕ್ಕೆಗಳನ್ನು ಬಿಡುತ್ತಿದ್ದರು. ಅವರಾರೂ ಟೈಪು ಮಾಡುವಾಗ ಸ್ವರಗಳನ್ನು ಬಿಡಲಿಲ್ಲ. ಏಕೆಂದರೆ ಏನನ್ನು ಬಿಟ್ಟಿದ್ದೇವೆಂಬ ಅರಿವು ಅವರಿಗಿತ್ತು.

ಆದ್ದರಿಂದ ನನ್ನ ಬಿನ್ನಹ ಇಷ್ಟು. ಐದೇ ಸ್ವರಗಳೆಂಬ ಸೂತ್ರವನ್ನು ಬಿಟ್ಟು, ಸ್ವರವೆಂದರೆ ಧ್ವನಿ, ಅದನ್ನು ಬರೆಯಲು ಆಂಗ್ಲರಿಗೆ ಐದು ಅಕ್ಷರಗಳೂ ಜೊತೆಗೆ ‘ವೈ’ಯೂ ಅಲ್ಲಲ್ಲಿ ‘ಡಬ್ಲ್ಯು’ವೂ ಇವೆ ಎಂದು ಮೊದಲ ವಾರದಲ್ಲಿಯೇ ಹೇಳೋಣ. ಮೂರನೆಯ ತರಗತಿಯ ಮಗುವಿಗೆ ಗ್ರೀಕರ ಕಥೆ ಬೇಡ, ಅಷ್ಟು ಸಾಕು. ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರೂ ಆಂಗ್ಲ ಉಪಾಧ್ಯಾಯರೂ ಒಂದೇ ಕೊಠಡಿಯಲ್ಲಿ ಚಹಾ ಕುಡಿಯುತ್ತಾರೆ, ಆದರೆ ಒಬ್ಬರ ಪಾಠ ಇನ್ನೊಬ್ಬರಿಗೆ ತಿಳಿಯದು. ಯಣ್ ಸಂಧಿಯ ಪಾಠ ನಡೆಯುವ ವಾರವೇ ‘ವೈ’ ಬದಲಾಗಿ ‘ಐ’ ಆಗುವ ಪಾಠವೂ ನಡೆಯುವಂತೆ ಅವರಿಬ್ಬರೂ ವರ್ಷಾರಂಭದಲ್ಲಿ ಮಾತನಾಡಿಕೊಂಡರೆ ಸಂಸ್ಥೆಗೆ ಒಂದು ಕಾಸೂ ಖರ್ಚಿಲ್ಲ.

ದಾನಿಗಳಲ್ಲಿಯೂ ಒಂದು ಮಾತು. ತಾವು ಕೊಟ್ಟ ಕಟ್ಟಡಗಳಲ್ಲಿ, ಕಪಾಟುಗಳ ಮಧ್ಯೆ, ತಮ್ಮ ಹೆಸರು ಬರೆದ ಪಂಖಗಳ ಕೆಳಗೆ ನಮ್ಮ ಮಕ್ಕಳು ತಂಪಾಗಿ ಕುಳಿತು ಓದುತ್ತಿದ್ದಾರೆ. ಬಳ್ಳಾರಿಯ ಬಿಸಿಲನ್ನು ಬಲ್ಲವರಾರೂ ಪಂಖದ ದಾನವನ್ನು ಕಿರಿದೆನ್ನಲಾರರು. ಉಚ್ಚಾರಣೆಯನ್ನು ಕೊಡುವ ನಿಘಂಟುಗಳಿಗೂ ಇನ್ನು ಮುಂದೆ ತಾವು ಮನಸ್ಸು ಮಾಡಬೇಕು. ಡೇನಿಯಲ್ ಜೋನ್ಸ್ ಎಂಬ ವಿದ್ವಾಂಸ 1917ರಲ್ಲಿ ಹೊರತಂದ ಉಚ್ಚಾರಣಾ ನಿಘಂಟು ಇಂದಿಗೂ ಪರಿಷ್ಕರಣೆಗೊಂಡು ಅಚ್ಚಾಗುತ್ತಿದೆ. ಬಳ್ಳಾರಿಗೆ ನಿಘಂಟಿನ ನಂಟು ಹೊಸದೂ ಅಲ್ಲ. ಇಲ್ಲಿಯ ಲಂಡನ್ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ ಆಂಗ್ಲ ಕರ್ಣಾಟಕ ನಿಘಂಟನ್ನು 1824ರಲ್ಲಿಯೂ, ಕರ್ಣಾಟಕ ಆಂಗ್ಲ ನಿಘಂಟನ್ನು 1832ರಲ್ಲಿಯೂ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಕಿಟೆಲ್ಲರ ಪ್ರಸಿದ್ಧ ನಿಘಂಟು ಬಂದುದು 1894ರಲ್ಲಿ, ಅದಕ್ಕೆ ಆರು ದಶಕಗಳ ಮೇಲೆ. ಕನ್ನಡದ ಬಾಯಿಂದ ಕೇಳಿದ್ದನ್ನು ಬರೆದುಕೊಳ್ಳಲು ಒಬ್ಬ ಪರದೇಶಿ ಈ ಊರಿನಲ್ಲಿ ಕುಳಿತು ಶ್ರಮಿಸಿದ. ಅವನ ಭಾಷೆಯನ್ನು ಕೇಳಿದಂತೆ ಬರೆದುಕೊಳ್ಳಲು ನಮ್ಮ ಮಕ್ಕಳಿಗೆ ಲಿಪಿ ಸಿದ್ಧವಾಗಿಯೇ ಇದೆ. ಒಂಬತ್ತು ಮತ್ತು ಹತ್ತನೆಯ ತರಗತಿಗಳ ಪ್ರತಿಯೊಂದು ವಿಭಾಗದಲ್ಲಿಯೂ, ಬೀಗ ಹಾಕಿದ ಕಪಾಟಿನೊಳಗಲ್ಲ, ಮೇಜಿನ ಮೇಲೆ ಮಕ್ಕಳ ಕೈಗೆ ಎಟುಕುವಂತೆ ಒಂದೊಂದು ಪ್ರತಿ ಇರುವಂತಾದರೆ ಮುಂದಿನ ಜೂನ್ ತಿಂಗಳಿನಿಂದಲೇ ಈ ಪಾಠವನ್ನು ಆರಂಭಿಸಬಹುದು.